ಪಾಲಿನ ಪರಮಣ್ಣ ಕಂಪ್ಯೂಟರಿಗೆ ಕಲ್ಲು ನೆಟ್ಟದ್ದು

ಪರಮಣ್ಣ ಮಾವ ಹಲಸಿನ ಹಣ್ಣಿಗೆ ಕತ್ತಿ ಹಾಕುವ ಮೊದಲು ಅದರ ಸೊಂಟದ ಸುತ್ತ ದಾರ ಸುತ್ತುತ್ತಿದ್ದರು. ದಾರ ಬಿಚ್ಚಿ, ಎರಡಾಗಿ ಮಡಚಿ, ಮಡಿಕೆ ಬಿದ್ದಲ್ಲಿ ಉಗುರಿನಿಂದ ಗುರುತು ಮಾಡಿ, ಆಮೇಲೆ ಕತ್ತಿ. ತಿನ್ನುವವರು ನಾವು ಮನೆಮಂದಿಯೇ, ಹಣ್ಣಿಗಾಗಿ ಯಾರೂ ಜಗಳಕ್ಕೆ ನಿಂತಿರುತ್ತಿರಲಿಲ್ಲ. ಆದರೂ ಎರಡು ಹೋಳನ್ನು ಪಕ್ಕಪಕ್ಕದಲ್ಲಿಟ್ಟು, ನಮ್ಮಲ್ಲಿ ಚಿಕ್ಕವರು ಯಾರೆಂದು ಸುತ್ತ ಒಮ್ಮೆ ನೋಡಿ, “ಹಿರೀಕ ಭಾಗ ಮಾಡ್ಬೇಕು, ಕಿರೀಕ ಆರಿಸ್ಕಬೇಕು. ಯಾರಮ್ಮ ಇಲ್ಲಿ ಕಿರೀಕರು?” ಅನ್ನುತ್ತಿದ್ದರು. ಹಾಗೆ ಯಾಕೆ ಅಂತ ಮದುವೆಯಾದ ಹೊಸದರಲ್ಲಿ ನಾನು ಕೇಳಿದ್ದಕ್ಕೆ, “ತನಗ್ ಯಾವ್ದು ಸಿಗ್ತದೆ ಅಂತ ಗೊತ್ತಿಲ್ದೋನು ಮೋಸ ಮಾಡಕ್ಕಾಗಲ್ಲ ಕಣಮ್ಮ” ಅಂದಿದ್ದರು.

ಅವರು ನನ್ನ ಅತ್ತೆಯ ಒಬ್ಬನೇ ತಮ್ಮ. ಊರು ಹುಲಿಯೂರುದುರ್ಗದ ಹತ್ತಿರ. ಹೆಸರು ಪರಮೇಶ್ವರಯ್ಯ, ಕುಣಿಗಲ್ಲಿನಿಂದ ಗುಬ್ಬಿಯವರೆಗೆ ಕರೆಯುವುದು ಮಾತ್ರ ‘ಪಾಲಿನ ಪರಮಣ್ಣ’. ಅಣ್ಣತಮ್ಮಂದಿರು ಬೇರೆಯಾಗುವ ಮನೆಗಳಲ್ಲಿ ವಕೀಲರಿಗಿಂತ ಮೊದಲು ಇವರಿಗೆ ಹೇಳಿಕಳಿಸುತ್ತಿದ್ದರು. ನಾನು ಓದಿದ ಕಾನ್ವೆಂಟಿನಲ್ಲಿ ‘ಪಾರ್ಟಿಷನ್’ ಅನ್ನುವುದು ಚರಿತ್ರೆಯ ಪಾಠದಲ್ಲಿ ಒಂದು ಸಲ ಬಂದು ಹೋದ ಮಾತು. ಮದುವೆಯಾಗಿ ತುಮಕೂರಿಗೆ ಬಂದ ಮೇಲೆ ನೋಡಿದರೆ ಅದು ಉಪ್ಪಿನ ಹಾಗೆ ಎಲ್ಲರ ಬಾಯಲ್ಲೂ ಇತ್ತು. ಊಟ ಆಯ್ತಾ ಅಂತ ಕೇಳುವ ದನಿಯಲ್ಲೇ “ನಿಮ್ದು ಪಾರ್ಟಿಷನ್ ಆಯ್ತಾ?” ಅಂತ ಕೇಳುತ್ತಾರೆ.

ತೋಳನ್ನು ಎರಡು ಮಡಿಕೆ ಮಡಚಿದ ಬಿಳಿ ಅಂಗಿ, ಜೇಬಿನಲ್ಲಿ ದಾರದ ಉಂಡೆ, ಕಂಕುಳಲ್ಲಿ ಕೊಡೆ. ಹಣೆಯ ಮೇಲಿನ ವಿಭೂತಿಯ ಮೂರು ಪಟ್ಟೆಗಳು ಕೂಡ ಸಮಸಮನಾಗಿ, ಒಂದು ಇನ್ನೊಂದರ ಜಾಗಕ್ಕೆ ಕಾಲಿಡದ ಹಾಗೆ ಇರುತ್ತಿದ್ದವು. ಪಾಲು ಮುಗಿದ ಮೇಲೆ ಗಡಿಯ ಮೊದಲನೇ ಕಲ್ಲನ್ನು ಅವರೇ ನೆಡಬೇಕು. ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. “ಮೊದ್ಲು ಕಲ್ಲು ಹಾಕ್ದೋನಿಗೆ ಬೈಗುಳ. ಅದು ನನಗೇ ಬೀಳ್ಲಿ. ಅವ್ರವ್ರು ಬೈದಾಡ್ಕೊಂಡ್ರೆ ನಾಳೆ ಮುಖ ನೋಡ್ಬೇಕಲ್ವಾ?” ಅನ್ನುವುದು ಅವರ ವಾದ.

ಸಿ.ಎಸ್. ಪುರದ ಒಂದು ಮನೆಯಲ್ಲಿ ಅಣ್ಣತಮ್ಮ ಇಬ್ಬರೂ ಎಲ್ಲವನ್ನೂ ಹಂಚಿಕೊಂಡು, ಕೊನೆಗೆ ಕಾಲಿಂಗ್ ಬೆಲ್ಲಿನ ಹತ್ತಿರ ಸಿಕ್ಕಿಹಾಕಿಕೊಂಡರಂತೆ. ಕೋಗಿಲೆಯ ಹಾಗೆ ಕೂಗುವ ಬೆಲ್ಲು; ಇಬ್ಬರಿಗೂ ಅದೇ ಬೇಕು. ಮಾವ ಒಂದು ಲೋಟ ಮಜ್ಜಿಗೆ ಕುಡಿದು ತೀರ್ಮಾನ ಹೇಳಿದರು: ಒತ್ತುವ ಗುಂಡಿ ಅಣ್ಣನ ಬಾಗಿಲಿಗೆ, ಕೂಗುವ ಕೋಗಿಲೆ ತಮ್ಮನ ನಡುಮನೆಗೆ. ಅಣ್ಣನ ಮನೆಗೆ ಬಂದ ನೆಂಟರು ಗುಂಡಿ ಒತ್ತಿದರೆ ತಮ್ಮ ಎದ್ದು ಬಂದು, “ಅಣ್ಣಾ, ನಿಮ್ಮೋರು ಬಂದವ್ರೆ” ಅಂತ ಗೋಡೆಯಾಚೆಗೆ ಕೂಗಬೇಕು. ಇದನ್ನು ಕೇಳಿ ನಾನು ನಕ್ಕಾಗ ಮಾವ ನಗಲಿಲ್ಲ. “ಮೂರ್ ವರ್ಷದಿಂದ ಮಾತು ಬಿಟ್ಟಿದ್ರು ಕಣಮ್ಮ. ಈಗ ದಿನಾ ಕೂಗ್ತವ್ನೆ” ಅಂದರು.

ಹೆಂಡತಿ ಪುಟ್ಟಗೌರಮ್ಮ ತೀರಿಕೊಂಡ ಮೇಲೆ ಮಾವ ಸೋಮವಾರ ಸೋಮವಾರ ನಮ್ಮ ಮನೆಗೆ ಬರತೊಡಗಿದರು. ಶಿರಾ ಗೇಟಿನಲ್ಲಿ ಬಸ್ಸಿಳಿದು, ನಡೆದು ಬಂದು, ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಅಕ್ಕನ ಕ್ಷೇಮ ಕೇಳುವ ಮೊದಲೇ ನನ್ನನ್ನು ಕೇಳುತ್ತಿದ್ದರು: “ಆ ಬೇಲಿ ಒಂಚೂರು ನೋಡ್ಬೇಕಿತ್ತಲ್ಲಮ್ಮ.”

ಬೇಲಿ ಇದ್ದದ್ದು ಅವರ ಮದುವೆಯ ವೀಡಿಯೋದಲ್ಲಿ. ಊರಿನ ಮನೆಯಂಗಳದ ಚಪ್ಪರ, ಚಪ್ಪರದ ಹಿಂದೆ ಪಕ್ಕದವರ ಹೊಲಕ್ಕೂ ಇವರ ಹಿತ್ತಲಿಗೂ ನಡುವಿನ ಕಳ್ಳಿ ಬೇಲಿ. ಆ ಬೇಲಿ ಆಮೇಲೆ ಇತ್ತಲಾಗಿ ಸರಿದಿದೆ, ಮೊದಲು ಎಲ್ಲಿತ್ತೆಂಬುದಕ್ಕೆ ಇದೊಂದೇ ಸಾಕ್ಷಿ ಅನ್ನುವುದು ಮಾವನ ಮಾತು. ಕ್ಯಾಸೆಟ್ಟಿನಲ್ಲಿದ್ದದ್ದನ್ನು ನನ್ನ ಮಗಳು ಸಿಂಚನ ಅಂಗಡಿಯಲ್ಲಿ ಕೊಟ್ಟು ಕಂಪ್ಯೂಟರಿಗೆ ಹಾಕಿಸಿದ್ದಳು. ಕ್ಯಾಸೆಟ್ಟು ಬೂಷ್ಟು ಹಿಡಿದು ಕಸಕ್ಕೆ ಹೋಗಿ ಬಹಳ ದಿನವಾಗಿತ್ತು.

ನಾನು ವೀಡಿಯೋ ಹಾಕಿಕೊಡುತ್ತಿದ್ದೆ. ಮಾವ ಕುರ್ಚಿಯನ್ನು ಎಳೆದುಕೊಂಡು ಕೂರುತ್ತಿದ್ದರು. ಒಂದು ಜಾಗ ಬಂದ ಕೂಡಲೇ, “ಹಾಂ, ಅಲ್ಲೇ ನಿಲ್ಸಮ್ಮ. ಬೇಲಿ ಕಾಣ್ತದೆ” ಅನ್ನುತ್ತಿದ್ದರು. ಆ ಜಾಗದಲ್ಲಿ ಪುಟ್ಟಗೌರಮ್ಮ ಜಾರುತ್ತಿದ್ದ ಬಾಸಿಂಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಯಾರೋ ಏನೋ ಅಂದದ್ದಕ್ಕೆ ಹಲ್ಲು ಕಾಣುವ ಹಾಗೆ ನಗುತ್ತಾರೆ. ಬೇಲಿ ಅವರ ಕಿವಿಯ ಹಿಂದೆ ಒಂದು ಹಸಿರು ಚುಕ್ಕೆಯಷ್ಟು ಮಾತ್ರ. ಬೇಲಿಯೇ ಬೇಕಾಗಿದ್ದರೆ ಅಡುಗೆಯವರನ್ನು ತೋರಿಸುವಾಗ ಅದು ಇಡಿಯಾಗಿ ಕಾಣುತ್ತಿತ್ತು. ನಾನು ಅದನ್ನು ಒಂದು ಸಲವೂ ಹೇಳಲಿಲ್ಲ. ಅತ್ತೆ ಮಾತ್ರ ನಡುಮನೆಯಿಂದಲೇ, “ಇನ್ನೂ ಎಷ್ಟ್ ದಿನ ನೋಡ್ತೀಯ್ಲಾ ಆ ಬೇಲೀನ? ಅದೇನ್ ನಡ್ಕೊಂಡು ಹೋಗ್ತದಾ?” ಅನ್ನುತ್ತಿದ್ದರು.

ಅವರೆಕಾಯಿ ಕಾಲದ ಒಂದು ಸೋಮವಾರ ಈ ಬೇಲಿಗೆ ಕುತ್ತು ಬಂತು.

ಸಿಂಚನಳಿಗೆ ಕಾಲೇಜಿನ ಪ್ರಾಜೆಕ್ಟಿಗೆ ಲಿನಕ್ಸ್ ಬೇಕಾಗಿತ್ತು; ವಿಂಡೋಸಿನ ಹಾಗೆಯೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ತಂತ್ರಾಂಶವಂತೆ. ಅವಳಪ್ಪನ ಲೆಕ್ಕಪತ್ರಗಳಿಗೆ ವಿಂಡೋಸ್ ಇರಲೇಬೇಕು. ಒಂದೇ ಕಂಪ್ಯೂಟರಿನಲ್ಲಿ ಎರಡನ್ನೂ ಇಡಬಹುದಂತೆ. ಶುರುವಾಗುವಾಗ ಯಾವುದು ಬೇಕೆಂದು ಅದೇ ಕೇಳುತ್ತದಂತೆ. ಪೆನ್‌ಡ್ರೈವ್ ಚುಚ್ಚಿಟ್ಟು, “ಅಮ್ಮ, ನಿನಗೆ ಇಂಗ್ಲಿಷ್ ಬರುತ್ತಲ್ಲ, ಓದ್ಕೊಂಡು ಒತ್ತುತ್ತಾ ಹೋಗು. ‘ಪಕ್ಕದಲ್ಲಿ ಹಾಕು’ ಅಂತ ಬರುತ್ತೆ, ಅದನ್ನ ಒತ್ತು, ಅಷ್ಟೇ” ಅಂತ ಹೇಳಿ ಲ್ಯಾಬ್ ಪರೀಕ್ಷೆಗೆ ಹೋದಳು. ಫೋನು ಆಫ್.

‘ಪಕ್ಕದಲ್ಲಿ ಹಾಕು’ ಬರಲೇ ಇಲ್ಲ. ಬಂದದ್ದು ಎರಡೇ ದಾರಿ: ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದನ್ನು ಹಾಕುವುದು, ಇಲ್ಲವೇ ‘ಬೇರೆ ಏನಾದರೂ’. ನಾನು ಕೈ ಹಿಂದೆಗೆದು ಕೂತಿದ್ದಾಗ ಮಾವ ಬಂದರು. ಡಿಸ್ಕನ್ನು ಭಾಗ ಮಾಡುವುದಕ್ಕೆ ಪರದೆಯ ಮೇಲೂ ‘ಪಾರ್ಟಿಷನ್’ ಅಂತಲೇ ಬರೆದಿತ್ತು. ಬೇಲಿ ನೋಡಲು ಇವತ್ತು ಆಗುವುದಿಲ್ಲ, ಪಾರ್ಟಿಷನ್ ನಡೆಯುತ್ತಿದೆ ಅಂದೆ. ಬೇರೆ ಹೇಗೆ ಹೇಳುವುದೆಂದು ನನಗೆ ತೋಚಲಿಲ್ಲ.

ಮಾವ ಕೊಡೆ ಒರಗಿಸುವುದನ್ನು ಮರೆತರು. “ಯಾರ್ ಯಾರಿಗೆ?”

“ವಿಂಡೋಸಿಗೂ ಲಿನಕ್ಸಿಗೂ ಮಾವ. ಕಂಪ್ಯೂಟರ್ ಒಳಗೆ.”

“ಇಬ್ರೂ ಒಪ್ಪವ್ರಾ?”

ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ, “ಏನ್ಲಾ ಪರಮಾ, ಅದ್ಕೂ ಅಣ್ಣತಮ್ಮ ಅವ್ರೇನ್ಲಾ?” ಅಂದರು.

“ಪಾರ್ಟಿಷನ್ ಅಂತ ಅದೇ ಹೇಳ್ತಾ ಐತಲ್ಲಕ್ಕ. ಅಣ್ಣತಮ್ಮ ಇಲ್ದೆ ಪಾರ್ಟಿಷನ್ ಎಲ್ಲಾಯ್ತದೆ? ಓದಮ್ಮ, ಒಂದೊಂದೇ ಓದು.”

ನಾನು ಓದಿದೆ. ಎಲ್ಲ ಅಳಿಸಿ ಹೊಸದನ್ನೊಂದನ್ನೇ ಹಾಕುವ ದಾರಿಯನ್ನು ಕೇಳಿ ಮಾವ ತಲೆಯಾಡಿಸಿದರು. “ಇರೋರ್ನೆಲ್ಲ ಆಚೆಗ್ ಹಾಕಿ ಒಬ್ಬನಿಗೇ ಕೊಡೋದು ಪಾಲಲ್ಲ, ದಬ್ಬಾಳಿಕೆ. ‘ಬೇರೆ ಏನಾದ್ರೂ’ ಒತ್ತು. ಎಲ್ಲಾ ಪಂಚಾಯ್ತೀಲೂ ಕೊನೆಗೆ ಅದೇ ಒತ್ತೋದು.”

ಒತ್ತಿದೆ. ಪರದೆಯ ಮೇಲೆ ಒಂದು ಉದ್ದನೆಯ ಪಟ್ಟಿ, ಬಣ್ಣಬಣ್ಣದ ತುಂಡುಗಳಾಗಿ ಬಿಚ್ಚಿಕೊಂಡಿತು. ಮಾವ ಮೂಗು ತಾಗುವಷ್ಟು ಹತ್ತಿರ ಬಗ್ಗಿ, “ಓ, ನಕಾಶೆ ಕೊಟ್ಟವ್ನೆ” ಅಂದರು.

ಮೊದಲಲ್ಲಿ ಬೆರಳಗಲದ ಒಂದು ತುಂಡಿತ್ತು. ಕಂಪ್ಯೂಟರ್ ಶುರುವಾಗಲು ಬೇಕಾದದ್ದೆಂದು ಬರೆದಿತ್ತು. “ಅದು ಮನೆಗ್ ಬರೋ ದಾರಿ. ಇಬ್ರಿಗೂ ಸೇರಿದ್ದು, ಮುಟ್ಟಂಗಿಲ್ಲ.” ಕೊನೆಯಲ್ಲಿ ಇನ್ನೊಂದು ಚಿಕ್ಕದು, ರಿಕವರಿ. ಕೆಟ್ಟರೆ ಸರಿಮಾಡಿಕೊಳ್ಳಲು ಎತ್ತಿಟ್ಟದ್ದು ಅಂತ ನಾನು ಅರ್ಥ ಹೇಳಿದೆ. “ವಯಸ್ಸಾದೋರ ಜೀವನಾಂಶ. ಅದ್ನೂ ಮುಟ್ಟಂಗಿಲ್ಲ.” ಯಾರಿಗೂ ಹಂಚದ ಒಂದು ಚೂರು ಜಾಗ ನಡುವೆ ಬೂದು ಬಣ್ಣದಲ್ಲಿತ್ತು. “ಖರಾಬು. ಬಂಡೆ ಗಿಂಡೆ ಇರ್ತದೆ, ಬುಡು.” ಇಷ್ಟು ಹೊತ್ತು ಅವರು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲವೆಂದು ಸಿಂಚನ ಆಮೇಲೆ ಒಪ್ಪಿಕೊಂಡಳು. ಅದೇ ನಮಗೆ ಧೈರ್ಯ ಕೊಟ್ಟದ್ದು.

ಉಳಿದವು ಎರಡು ದೊಡ್ಡ ತುಂಡು. ಮೊದಲನೆಯದು ಸಿ, ವಿಂಡೋಸ್ ವಾಸವಾಗಿರುವುದು. ಎರಡನೆಯದು ಡಿ.

“ಆ ಡಿ ಯಾರ ಅನುಭವದಲ್ಲೈತೆ?”

“ಸಿಂಚನಾದು ಮಾವ. ಅವಳೇ ‘ಅದ್ರಲ್ಲಿ ಬರೀ ನನ್ನ ಕಸ’ ಅಂತಿರ್ತಾಳೆ.”

“ಹಂಗಂದ್ರೆ ಅಟ್ಟ.” ಮಾವ ಕೊಡೆಯ ಹಿಡಿಯನ್ನು ನೋಡುತ್ತಾ, “ಆ ಬೇಲಿ ಎಲ್ಲೈತಮ್ಮ?” ಅಂದರು.

“ಸಿ-ಯಲ್ಲೇ ಮಾವ. ಡೆಸ್ಕ್‌ಟಾಪ್ ಮೇಲೆ, ಕಣ್ಣೆದುರಿಗೇ ಇದೆಯಲ್ಲ.”

“ಇನ್ನೊಂದ್ಸಲ ಹೇಳು.”

“ಸಿ-ಯಲ್ಲಿ ಮಾವ.”

ನಾನು ಸುಳ್ಳು ಹೇಳಿರಲಿಲ್ಲ. ಪ್ರತಿ ಸೋಮವಾರ ಆ ಚಿತ್ರದ ಮೇಲೆಯೇ ಎರಡು ಸಲ ಒತ್ತಿ ವೀಡಿಯೋ ಹಾಕುತ್ತಿದ್ದೆ. ಅದರ ಕೆಳಮೂಲೆಯಲ್ಲಿ ಉಗುರಿನ ತುದಿಯಷ್ಟು ಸಣ್ಣ, ಬಾಗಿದ ಬಾಣವೊಂದಿತ್ತು. ನಾನು ಅದನ್ನು ನೋಡಿದ್ದೆ, ರಂಗೋಲಿಯ ಎಳೆಯ ಹಾಗೆ ಅಂದಕ್ಕೆ ಬಿಟ್ಟದ್ದೆಂದುಕೊಂಡಿದ್ದೆ.

“ಸರಿ, ಹಿರೀಕ ಸಿ-ಯಲ್ಲಿ ಕೂತವ್ನೆ. ಕಿರೀಕ ಡಿ ಆರಿಸ್ಕತಾನೆ. ಮುಗೀತು” ಅಂದರು ಮಾವ.

ಡಿ-ಯನ್ನು ಲಿನಕ್ಸಿಗೆ ಬರೆದು ಮುಂದೆ ಒತ್ತಿದೆ. ಆಗ ಎಚ್ಚರಿಕೆ ಬಂತು. ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್, ಪೂರ್ತಿ ಓದದೆ ಯಾವುದಕ್ಕೂ ಸಹಿ ಹಾಕಬಾರದೆಂದು ತಲೆಗೆ ಮೊಟಕಿ ಹೇಳಿಕೊಟ್ಟಿದ್ದರು. ಹಾಗಾಗಿ ಕಾಮಾ ಬಂದಲ್ಲಿ ನಿಂತು, ಫುಲ್‌ಸ್ಟಾಪಿನಲ್ಲಿ ಉಸಿರೆಳೆದುಕೊಂಡು, ಎರಡು ಸಲ ಓದಿ, ಮಾವನಿಗೆ ಕನ್ನಡದಲ್ಲಿ ಹೇಳಿದೆ: “ಮುಂದುವರಿದರೆ ಈ ಪಾರ್ಟಿಷನ್ ಫಾರ್ಮ್ಯಾಟ್ ಆಗುತ್ತದಂತೆ.”

“ಆಗ್ಲೇಬೇಕಲ್ಲಮ್ಮ” ಅಂದರು ಮಾವ. “ಫಾರ್ಮ್ಯಾಟಲ್ಲಿ ಇಲ್ದಿದ್ರೆ ಸಬ್‌ರಿಜಿಸ್ಟ್ರಾರು ತಗಳಲ್ಲ, ವಾಪಸ್ ಬಿಸಾಕ್ತಾನೆ. ಆಫೀಸ್ ಮುಂದೆ ಟೈಪ್ ಹೊಡೆಯೋರು ಇರೋದೇ ಅದ್ಕೆ.”

“ಅದರಲ್ಲಿರುವ ಹಳೆಯದೆಲ್ಲ ನಾಶವಾಗುತ್ತದೆ ಅಂತಲೂ ಇದೆ ಮಾವ.”

“ಹಳೇ ಪತ್ರ ರದ್ದು ಅಂತ ಎಲ್ಲಾ ಪಾರ್ಟಿಷನ್ ಡೀಡಲ್ಲೂ ಬರೀತಾರೆ. ಹೊಸಾದು ಬಂದ್ಮೇಲೆ ಹಳೇದು ನಡೆಯಲ್ಲ. ಒಳ್ಳೇದೇ ಅಲ್ವಾ?”

“ಇದನ್ನು ಹಿಂದಕ್ಕೆ ಪಡೆಯೋಕೆ ಆಗಲ್ಲವಂತೆ.”

“ಪಾಲಾದ್ಮೇಲೆ ಹಿಂದಕ್ಕೆ ಅಂತ ಯಾರಾದ್ರೂ ಬಂದ್ರೆ ನಾನೇ ಬುಡಲ್ಲ.”

ಯಾವ ಮಾತಿಗೂ ಅವರ ಹತ್ತಿರ ಉತ್ತರವಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಮೇಜಿನ ಕೆಳಗಿನ ಯುಪಿಎಸ್ಸು ಕುಯ್ಯ್ ಕುಯ್ಯ್ ಅಂತ ಅರಚಿಕೊಳ್ಳತೊಡಗಿತು. ಅತ್ತೆ, “ಅಯ್ಯೋ, ಅದ್ಯಾರೋ ತಕರಾರು ತೆಗೀತಾವ್ರಲ್ಲೋ” ಅಂದರು. ಇನ್ನು ತಡಮಾಡಿದರೆ ಅರ್ಧಕ್ಕೆ ನಿಂತು ಕಂಪ್ಯೂಟರೇ ಕೆಟ್ಟುಹೋದೀತೆಂದು ನನಗೆ ದಿಗಿಲು. ನಾನು ಕೈ ಮುಂದೆ ಚಾಚಿದ್ದೆ. ಮಾವ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

“ಮೊದಲನೇ ಕಲ್ಲು ನಂದಮ್ಮ.”

ತೋರುಬೆರಳನ್ನು ಹಣೆಗೆ ಒತ್ತಿಕೊಂಡು, ಎಂಟರ್ ಅನ್ನು ನೆಲಕ್ಕೆ ಕಲ್ಲು ಇಳಿಸುವ ಹಾಗೆ ಬಲವಾಗಿ ಒತ್ತಿ, ತೆಗೆಯದೆ ಸ್ವಲ್ಪ ಹೊತ್ತು ಹಿಡಿದುಕೊಂಡರು.

ಕರೆಂಟು ಬಂತು. ಕೆಲಸವೂ ಮುಗಿಯಿತು. ಕಂಪ್ಯೂಟರು ಹೊಸದಾಗಿ ಎದ್ದು, ಕಪ್ಪು ಪರದೆಯ ಮೇಲೆ ಎರಡು ಹೆಸರು ತೋರಿಸಿ, ಯಾವುದು ಬೇಕೆಂದು ಕೇಳಿತು. ಮಾವನ ಮುಖ ಅರಳಿತು. “ಬಾಗ್ಲಲ್ಲೇ ನಿಲ್ಸಿ ಕೇಳ್ತದೆ ನೋಡಕ್ಕ, ಯಾರ ಮನೇಗ್ ಬಂದ್ರಿ ಅಂತ. ಎಷ್ಟ್ ಮರ್ಯಾದೆ.” ಅತ್ತೆಯನ್ನೂ ಎಬ್ಬಿಸಿ ಕರೆತಂದು ತೋರಿಸಿದರು. ಆಮೇಲೆ ವಿಂಡೋಸಿಗೆ ಹೋಗಿ, “ಈಗ ಬೇಲಿ ಹಾಕಮ್ಮ” ಅಂದರು.

ಚಿತ್ರ ಇದ್ದ ಜಾಗದಲ್ಲೇ ಇತ್ತು. ಎರಡು ಸಲ ಒತ್ತಿದೆ. ಈ ಹೆಸರು ಯಾವುದನ್ನು ತೋರಿಸುತ್ತಿತ್ತೋ ಅದು ಈಗ ಅಲ್ಲಿಲ್ಲ ಅನ್ನುವ ಅರ್ಥದ ಒಂದು ಸಾಲು ಬಂತು. ಮತ್ತೆ ಒತ್ತಿದೆ. ಅದೇ ಸಾಲು. ನಾನು ಅದಕ್ಕೆ ಕನ್ನಡ ಹೇಳಲಿಲ್ಲ, ಮಾವನೂ ಕೇಳಲಿಲ್ಲ.

ಮಧ್ಯಾಹ್ನ ಸಿಂಚನ ಫೋನಿಗೆ ಸಿಕ್ಕಳು. ಸಿ ತುಂಬಿಹೋಗಿತ್ತೆಂದು ದೊಡ್ಡ ವೀಡಿಯೋಗಳನ್ನೆಲ್ಲ ಹಿಂದೆಯೇ ಡಿ-ಗೆ ಸಾಗಿಸಿದ್ದಳಂತೆ. “ಡೆಸ್ಕ್‌ಟಾಪ್ ಮೇಲಿರೋದು ಶಾರ್ಟ್‌ಕಟ್ ಅಮ್ಮ, ಬರೀ ದಾರಿ ತೋರ್ಸೋ ಬೋರ್ಡು” ಅಂದಳು. ಫೋನು ಸ್ಪೀಕರಿನಲ್ಲಿತ್ತು. ಮಾವನಿಗೆ ಮಾತ್ರ ಇದು ತಕ್ಷಣ ಅರ್ಥವಾಯಿತು.

“ಖಾತೆ ಇಲ್ಲಿ, ಜಮೀನು ಅಲ್ಲಿ” ಅಂದರು. ಆಮೇಲೆ, “ನಾನು ಸ್ಥಳ ಪರಿಶೀಲನೆ ಮಾಡ್ಬೇಕಿತ್ತು” ಅಂದರು.

ಅತ್ತೆಗೆ ತಮ್ಮನ ಮುಖ ನೋಡಿ ಸಂಕಟವಾಗಿರಬೇಕು. ಅದು ಅವರ ಬಾಯಿಂದ ಬಂದದ್ದು ಹೀಗೆ: “ಬುಡ್ಲಾ, ಒಂದು ಕಳ್ಳಿ ಬೇಲಿಗೆ ಯಾಕಂಗೆ ಕೂತ್ಕಂಡಿದ್ದೀಯ.”

“ಅದೇ ಮತ್ತೆ. ಬೇಲಿ ತಾನೆ” ಅಂದ ಮಾವ ಹಿತಕಿದ ಬೇಳೆ ಸಾರು ಬೇಡವೆಂದು, ಬರಿಯ ಮಜ್ಜಿಗೆ ಅನ್ನ ಉಂಡು, ಎಂದಿಗಿಂತ ಬೇಗ ಬಸ್ಸಿಗೆ ಹೊರಟರು.

ಸಿಂಚನ ಆ ವಾರವೆಲ್ಲ ಅಳಿಸಿದ್ದನ್ನು ಹೆಕ್ಕುವ ಯಾವುದೋ ಸಾಫ್ಟ್‌ವೇರ್ ಹಾಕಿಕೊಂಡು ಕೂತಳು. ಅವಳು ಕಸವೆಂದದ್ದೆಲ್ಲ ಅಚ್ಚುಕಟ್ಟಾಗಿ ವಾಪಸ್ಸು ಬಂತು. ಎಂಟನೇ ಕ್ಲಾಸಿನ ಪ್ರಶ್ನೆಪತ್ರಿಕೆ, ಪಕ್ಕದ ಮನೆಯ ಬೆಕ್ಕಿನ ಫೋಟೋಗಳು, ಎಲ್ಲ. ಮದುವೆಯ ವೀಡಿಯೋದಲ್ಲಿ ಸಿಕ್ಕಿದ್ದು ಒಂದು ತುಂಡು ಮಾತ್ರ, ಸದ್ದಿಲ್ಲದ್ದು. ಮುಂದಿನ ಸೋಮವಾರ ಮಾವ ಬಂದಾಗ, ಹಾಕಲೋ ಬೇಡವೋ ಎಂದುಕೊಳ್ಳುತ್ತಲೇ ಹಾಕಿದೆ. ಅಡುಗೆಯವನೊಬ್ಬ ಸೌಟು ಝಾಡಿಸಿ ಆಚೆ ಹೋಗುತ್ತಾನೆ. ಅವನು ಹೋದ ಮೇಲೆ ಪರದೆಯ ತುಂಬ ಬೇಲಿ. ಕಳ್ಳಿಯ ಮುಳ್ಳುಗಳನ್ನು ಬೇಕಾದರೆ ಎಣಿಸಬಹುದು, ಅಷ್ಟು ಸ್ಪಷ್ಟ. ನಡುವೆ ಒಂದು ಓತಿಕ್ಯಾತ ತಲೆಯಾಡಿಸುತ್ತಿದೆ. ಬೇರೆ ಯಾರೂ ಇಲ್ಲ.

ಅತ್ತೆ ಹಿಂದೆಯೇ ನಿಂತಿದ್ದರು. ಇಷ್ಟು ವರ್ಷ ಬೇಲಿ ಬೇಲಿ ಅಂದ ಮನುಷ್ಯ ಈಗ ಬೇಲಿಯನ್ನು ನೋಡಲೇಬೇಕಾಯಿತು. ಮಾವ ಕನ್ನಡಕ ಹಾಕಿಕೊಂಡು, ಮುಖ ಅತ್ತಿತ್ತ ಮಾಡದೆ, ತುಂಡು ಮುಗಿಯುವವರೆಗೆ ನೋಡಿದರು.

“ಸರಿಯಾಗೈತಾ?” ಅತ್ತೆ ಕೇಳಿದರು.

“ಸರಿಯಾಗೇ ಐತೆ. ಪಕ್ಕದೋರು ಒತ್ತುವರಿ ಮಾಡಿಲ್ಲ. ನಾನೇ ತಪ್ಪು ತಿಳ್ಕಂಡಿದ್ದೆ.”

ಹೀಗೆ ಬೇಲಿಯ ವ್ಯಾಜ್ಯ ಮುಗಿದುಹೋಯಿತು. ಇನ್ನು ಬರಲು ಅವರಿಗೆ ನೆಪವಿರಲಿಲ್ಲ. ಬರಲಾರರು ಅಂದುಕೊಂಡೆ. ಆದರೆ ಮುಂದಿನ ಸೋಮವಾರವೂ ಬಂದರು. ಆಫ್ ಮಾಡಿದ್ದ ಕಂಪ್ಯೂಟರಿನ ಮುಂದೆ ಅದೇ ಕುರ್ಚಿಯಲ್ಲಿ ಕೂತು, ಕಪ್ಪು ಪರದೆಯನ್ನು ನೋಡುತ್ತಾ, ಯಾರೂ ಏನೂ ಕೇಳದಿದ್ದರೂ ಶುರುಮಾಡಿದರು: “ಅವ್ಳು ರೊಟ್ಟಿ ಮುರಿದ್ರೆ ಸಮಪಾಲು ಮುರೀತಿರ್ಲಿಲ್ಲ ಕಣಮ್ಮ.”

ಪುಟ್ಟಗೌರಮ್ಮನ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬೇಕೆಂದೇ ಒಂದು ದೊಡ್ಡದು ಒಂದು ಚಿಕ್ಕದು ಮಾಡಿ ಮುರಿದು, ಚಿಕ್ಕದನ್ನು ಗಂಡನಿಗೆ ಹಾಕಿ, ‘ಪಂಚಾಯ್ತಿ ಸೇರ್ಸ್ಕ ಹೋಗು’ ಅನ್ನುತ್ತಿದ್ದರಂತೆ. ಅಲ್ಲಿಂದ ಮುಂದೆ ಪ್ರತಿ ಸೋಮವಾರ ಒಂದೊಂದು ಬಂತು. ಧಾರೆಯ ಹೊತ್ತಿನಲ್ಲಿ ಅವರು ತೂಕಡಿಸಿದ್ದು. ಬಸ್ಸಿನಲ್ಲಿ ಕಂಡಕ್ಟರ್ ಜೊತೆ ಜಗಳವಾಡಿ, ಇಳಿಯುವಾಗ ಅವನಿಗೇ ಸೀಬೆಹಣ್ಣು ಕೊಟ್ಟದ್ದು. ಮಾತು ಬೆಳೆದ ಹಾಗೆ ಪುಟ್ಟಗೌರಮ್ಮನೂ ಬೆಳೆದರು. ಮೊದಲು ಮಾವನ ಭುಜಕ್ಕೆ ಬರುತ್ತಿದ್ದವರು ಶಿವರಾತ್ರಿಯ ಹೊತ್ತಿಗೆ ಕಿವಿಗೆ ಬಂದರು. ಯುಗಾದಿ ಕಳೆದ ಮೇಲೆ ಮಾವನಿಗಿಂತ ಒಂದು ಹಿಡಿ ಎತ್ತರವಾದರು.

ಅತ್ತೆಗೆ ತಡೆಯಲಾಗುತ್ತಿರಲಿಲ್ಲ. “ಸುಳ್ಳ್ ಬೊಗಳಬ್ಯಾಡ ಕಣ್ಲಾ. ಕುಳ್ಳಿ ಅವ್ಳು. ಅಟ್ಟದ್ ಮೇಲಿನ್ ಉಪ್ಪಿನಕಾಯಿ ಜಾಡಿ ನಾನೇ ಇಳ್ಸಿಕೊಡ್ತಿದ್ದೆ.”

“ನೀನ್ ನೋಡಿದ್ದು ಬಗ್ಗಿದ್ದಾಗ ಕಣಕ್ಕ. ಅವ್ಳು ನಿನ್ ಕಂಡ್ರೆ ಬಗ್ತಿದ್ಲು.”

“ನನ್ ಕಂಡ್ರಾ? ನಾದ್ನಿ ಅಂತ ಒಂದ್ಸಲಾನೂ ಹೆದ್ರಿದವ್ಳಲ್ಲ.”

“ಮರ್ಯಾದೆಗೆ ಬಗ್ತಿದ್ಲು, ಹೆದ್ರಿಕೆಗಲ್ಲ.”

ಕೊನೆಯ ಸಲ ಅವರನ್ನು ನೋಡಿದ್ದು ಮಳೆಗಾಲ ಶುರುವಾದ ಮೇಲೆ. ಹೊರಟು ನಿಂತವರು ಹೊಸ್ತಿಲಲ್ಲಿ ಮತ್ತೆ ನಿಂತರು. ಒಳಗಿನಿಂದ ಅತ್ತೆ ಮತ್ತೆ ‘ಕುಳ್ಳಿ’ ಅಂದಿದ್ದಕ್ಕೆ ಉತ್ತರವಾಗಿ, ಒಂದು ಕಂಕುಳಲ್ಲಿ ಕೊಡೆ ಹಿಡಿದುಕೊಂಡೇ, ಹಿಮ್ಮಡಿ ಎತ್ತಿ, ಬಾಗಿಲ ಚೌಕಟ್ಟಿನ ಮೇಲುಮರಕ್ಕೆ ಅಂಗೈ ಇಟ್ಟು, “ಇಲ್ಲೀಗಂಟ” ಅಂದರು. ಅಂಗೈ ಅಲ್ಲೇ ಇಟ್ಟುಕೊಂಡು ನನ್ನ ಕಡೆ ತಿರುಗಿ, ನಾನು ನೋಡಿದೆನೋ ಇಲ್ಲವೋ ಎಂದು ಖಾತ್ರಿ ಮಾಡಿಕೊಂಡರು. ನೋಡಿದೆ ಮಾವ ಅಂದೆ. ಆಮೇಲೆ ಕೈ ಇಳಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದರು.

ಮುಂದಿನ ಸೋಮವಾರ ಬರಲಿಲ್ಲ. ಗುಬ್ಬಿಯ ಕಡೆ ಒಂದು ಮನೆಯ ಪಾಲು ಮುಗಿಸಿ, ಜಗಲಿಯ ಮೇಲೆ ಕೂತು ನೀರು ಕೇಳಿದರಂತೆ. ಅಣ್ಣತಮ್ಮ ಇಬ್ಬರೂ ಒಂದೊಂದು ಚೊಂಬು ಹಿಡಿದುಕೊಂಡು ಓಡಿ ಬರುವಷ್ಟರಲ್ಲಿ ಮುಗಿದಿತ್ತಂತೆ.

ಮೊನ್ನೆ ಅತ್ತೆಯೂ ನಾನೂ ಸೀರೆಗಳನ್ನು ಮಡಚುತ್ತಾ ಕೂತಿದ್ದೆವು. ಬಾಗಿಲ ಕಡೆ ಕಣ್ಣು ಹೋಯಿತು. ಅತ್ತೆಗೆ ಸಮಾಧಾನವಾಗಲಿ ಎಂದು, “ಪುಟ್ಟಗೌರಮ್ಮತ್ತೆ ಕುಳ್ಳಗಿದ್ದರು ಅಂತ ನೀವು ಹೇಳ್ತಿದ್ದದ್ದೇ ಸರಿ ಅನ್ಸುತ್ತೆ ಅತ್ತೆ” ಅಂದೆ.

ಅತ್ತೆ ಸೀರೆಯ ಅಂಚಿಗೆ ಅಂಚು ಕೂಡಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಯಾರಂದಿದ್ದು ನಿಂಗೆ? ಈ ಬಾಗ್ಲಲ್ಲಿ ಬಗ್ಗೇ ಬರ್ತಿದ್ಲು ಕಣಮ್ಮ ಅವ್ಳು.”